ಮೇವಿನ ಯಂತ್ರದ ಅಲಗಿಗೆ ವಜ್ರದ ಅರ: ಯಾವುದನ್ನು ಕೊಳ್ಳಬೇಕು, ಹೇಗೆ ಮಸೆಯಬೇಕು?



ಬೆಳಗಿನ ಕರಾವು ಮುಗಿಸಿ ಗೋದಲಿ ಗುಡಿಸುವಾಗ ಹಸು ತಿನ್ನದೆ ಬಿಟ್ಟ ಮೇವನ್ನು ಒಂದು ಹಿಡಿ ಎತ್ತಿ ನೋಡಿರಿ. ತುಂಡುಗಳ ತುದಿ ಕೊಯ್ದಂತೆ ನೇರವಾಗಿದ್ದರೆ ನಿಮ್ಮ ಮೇವು ಕತ್ತರಿಸುವ ಯಂತ್ರದ ಅಲಗು ಸರಿಯಾಗಿದೆ. ತುದಿ ಜಜ್ಜಿಹೋಗಿ ನಾರು ಜೋತಾಡುತ್ತಿದ್ದರೆ, ಎರಡು ಬೆರಳಗಲ ಬರಬೇಕಾದ ತುಂಡು ಗೇಣುದ್ದ ಬಂದಿದ್ದರೆ, ಅಲಗು ಮೊಂಡಾಗಿದೆ ಎಂದು ತಿಳಿಯಿರಿ. ಅದು ಮೇವನ್ನು ಕತ್ತರಿಸುತ್ತಿಲ್ಲ, ಜಗ್ಗಿ ಹರಿಯುತ್ತಿದೆ.

ಹೀಗೆ ಹರಿದ ಮೇವಿನಲ್ಲಿ ಹಸು ಎಲೆಯನ್ನು ಆರಿಸಿ ತಿಂದು ದಂಟನ್ನು ಬಿಡುತ್ತದೆ. ಬೆಳೆಸಿದ್ದು ನೀವು, ಕೊಯ್ದು ಹೊತ್ತು ತಂದದ್ದು ನೀವು, ಕರೆಂಟಿನ ಬಿಲ್ಲು ಕಟ್ಟುವವರೂ ನೀವೇ. ಕೊನೆಗೆ ಅದು ತಿಪ್ಪೆಗೆ ಹೋಗುತ್ತದೆ. ಮೋಟಾರು ನರಳುತ್ತದೆ, ಬೆಲ್ಟು ಜಾರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಅಲಗು ಮೊಂಡಾದಾಗ ಮೇವು ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದನ್ನು ಕೈಯಿಂದ ದೂಡಬೇಕೆನಿಸುತ್ತದೆ. ಕೈ ಒಳಗೆ ಹೋಗುವುದು ಆಗಲೇ.

ದೆಹಲಿಯ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ದಿವಂಗತ ದಿನೇಶ್ ಮೋಹನ್ ಮತ್ತು ಅವರ ಸಂಗಡಿಗರು ಉತ್ತರ ಭಾರತದ ಹಳ್ಳಿಗಳಲ್ಲಿ ಈ ಯಂತ್ರದಿಂದಾಗುವ ಗಾಯಗಳನ್ನು ಅಧ್ಯಯನ ಮಾಡಿದ್ದರು. ಗಾಯಗೊಂಡವರಲ್ಲಿ ಮಕ್ಕಳೂ ಇದ್ದರು. ಅಲಗಿಗೆ ಒಂದು ಮರೆ, ಬಳಸದಿರುವಾಗ ಚಕ್ರ ತಿರುಗದಂತೆ ಒಂದು ತಡೆ, ಮೇವು ಹಾಕುವ ಬಾಯಲ್ಲಿ ಕೈ ಒಳಹೋಗುವ ಮೊದಲೇ ತಗುಲಿ ಎಚ್ಚರಿಸುವ ಒಂದು ಉರುಳೆ, ಹೀಗೆ ಸ್ವಲ್ಪ ಖರ್ಚಿನ ಬದಲಾವಣೆಗಳನ್ನು ಅವರು ಸೂಚಿಸಿದರು. ನಿಮ್ಮ ಯಂತ್ರಕ್ಕೆ ಇವು ಇಲ್ಲದಿದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮರೆಯನ್ನೂ ತಡೆಯನ್ನೂ ಮಾಡಿಸಿಕೊಳ್ಳಬಹುದು. ಇನ್ನು ಅಲಗನ್ನು ಹರಿತವಾಗಿಡುವುದು ಮನೆಯವರದೇ ಕೆಲಸ. ಅದಕ್ಕೆ ಬೇಕಾದ ಸಲಕರಣೆಯನ್ನು ಆರಿಸುವ ಬಗ್ಗೆ ಈ ಲೇಖನ.

ಅಲಗು ಏಕೆ ಬೇಗ ಮೊಂಡಾಗುತ್ತದೆ?

ಮೇವು ಮೆತ್ತಗೆ, ಉಕ್ಕು ಗಟ್ಟಿ. ಆದರೂ ಅಲಗು ಸವೆಯುತ್ತದೆ. ಇದಕ್ಕೆ ಕಾರಣ ಮೇವಿನೊಳಗಿನ ಮರಳಿನ ಅಂಶ. ಗಿಡಗಳು ಮಣ್ಣಿನಿಂದ ಸಿಲಿಕಾವನ್ನು ಹೀರಿ ಎಲೆ, ದಂಟುಗಳಲ್ಲಿ ಇಟ್ಟುಕೊಳ್ಳುತ್ತವೆ. ಬತ್ತದ ಹುಲ್ಲಿನಲ್ಲಿ ಇದು ಬಹಳ ಹೆಚ್ಚು. ಬತ್ತದ ಹುಲ್ಲನ್ನೇ ನೆಚ್ಚಿಕೊಂಡ ಗದ್ದೆ ಸೀಮೆಯವರ ಅಲಗು ಮೇವಿನ ಜೋಳ, ನೇಪಿಯರ್ ಹುಲ್ಲು ಕತ್ತರಿಸುವವರ ಅಲಗಿಗಿಂತ ಬೇಗ ಮೊಂಡಾಗುವುದು ಇದರಿಂದಲೇ. ಅದರ ಜೊತೆಗೆ ಬುಡಸಮೇತ ಕಿತ್ತ ದಂಟಿನ ಬೇರಿಗೆ ಅಂಟಿದ ಮಣ್ಣು, ಕಣದಲ್ಲಿ ಸೇರಿಕೊಂಡ ಸಣ್ಣ ಕಲ್ಲು. ಬೇರನ್ನು ಕೊಡವಿ, ಬುಡವನ್ನು ಕುಡುಗೋಲಿನಿಂದ ಸವರಿ ಹಾಕಿದರೆ ಅಲಗಿನ ಆಯುಷ್ಯ ಹೆಚ್ಚುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಗ್ರೈಂಡರಿಗೆ ಕೊಟ್ಟರೆ ಆಗುವುದೇನು?

ಬಹುಪಾಲು ಸದಸ್ಯರು ಮಾಡುವುದೆಂದರೆ ಅಲಗು ಪೂರ್ತಿ ಮೊಂಡಾಗುವವರೆಗೆ ಓಡಿಸುವುದು, ಆಮೇಲೆ ಬಿಚ್ಚಿಕೊಂಡು ಪೇಟೆಯ ವೆಲ್ಡಿಂಗ್ ಅಂಗಡಿಗೆ ಒಯ್ಯುವುದು. ಅಲ್ಲಿ ತಿರುಗುವ ಗ್ರೈಂಡರ್ ಕಲ್ಲಿಗೆ ಹಿಡಿದು ಕಿಡಿ ಹಾರಿಸಿ ಐದು ನಿಮಿಷದಲ್ಲಿ ಕೊಡುತ್ತಾರೆ. ನೋಡಲು ಮಿಂಚುತ್ತದೆ. ಆದರೆ ಅಂಚಿನಲ್ಲಿ ನೀಲಿ ಬಣ್ಣ ಕಂಡಿತೆಂದರೆ ಅಲಗಿನ ಹದ ಹೋಯಿತೆಂದೇ ಅರ್ಥ. ಉಕ್ಕಿನ ಮೈ ಸುಮಾರು 220 ಡಿಗ್ರಿ ಶಾಖಕ್ಕೆ ಹುಲ್ಲಿನ ಹಳದಿ ಬಣ್ಣಕ್ಕೂ 300 ಡಿಗ್ರಿಯ ಆಸುಪಾಸಿನಲ್ಲಿ ನೀಲಿಗೂ ತಿರುಗುತ್ತದೆ. ನೀಲಿಯಾದ ಭಾಗ ಮೆತ್ತಗಾಗಿರುತ್ತದೆ. ಮೊದಲು ತಿಂಗಳು ಬರುತ್ತಿದ್ದ ಹರಿತ ಆಮೇಲೆ ವಾರಕ್ಕೇ ಹೋಗುತ್ತದೆ. ಆಗ ಸದಸ್ಯರು ಅಲಗಿನ ಕಂಪನಿಯನ್ನು ಬೈಯುತ್ತಾರೆ.

ಗ್ರೈಂಡರ್ ಬೇಡವೇ ಬೇಡ ಎಂದಲ್ಲ. ಅಲಗಿಗೆ ದೊಡ್ಡ ಮುಕ್ಕು ಬಿದ್ದಿದ್ದರೆ ಕೈಯಿಂದ ತೇಯುತ್ತ ಕೂರಲು ಆಗುವುದಿಲ್ಲ. ಅಂಥ ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತು, ಬಕೆಟ್ಟಿನಲ್ಲಿ ನೀರಿಡಿಸಿ, ಎರಡು ಸಲ ತಾಗಿಸಿದೊಡನೆ ಅದ್ದುವಂತೆ ಹೇಳಿರಿ. ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಲು ಬಿಡಬೇಡಿರಿ. ಆದರೆ ದಿನನಿತ್ಯದ ಹರಿತಕ್ಕೆ ಕೈಯ ಮಸೆತವೇ ಸರಿ. ಕೈಯಿಂದ ಮಸೆದರೆ ಉಕ್ಕು ಸುಡುವಷ್ಟು ಬಿಸಿಯಾಗುವುದೇ ಇಲ್ಲ.

ಎಲ್ಲರಿಗೂ ವಜ್ರ ಬೇಕೇ?

ಬೇಕಿಲ್ಲ. ಅಂಗಡಿಯವರು ಏನೇ ಹೇಳಲಿ, ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿರಿ. ಮನೆಯಲ್ಲಿರುವ ಸಾಮಾನ್ಯ ಉಕ್ಕಿನ ಅರವನ್ನು ತೆಗೆದುಕೊಂಡು, ಅದರ ಮೂಲೆಯನ್ನು ಅಲಗಿನ ಇಳಿಜಾರು ಮೈಯ ಮೇಲೆ, ಅಂಚಿಗೆ ಹತ್ತಿರದಲ್ಲಿ ಒಮ್ಮೆ ಎಳೆಯಿರಿ. ಬೆನ್ನಿನ ಕಡೆ ಎಳೆದರೆ ಪ್ರಯೋಜನವಿಲ್ಲ. ಕೆಲವು ಅಲಗುಗಳಿಗೆ ಅಂಚಿಗೆ ಮಾತ್ರ ಹದ ಕೊಟ್ಟಿರುತ್ತಾರೆ. ಅರ ಕಚ್ಚಿ ಪುಡಿ ತೆಗೆದರೆ ಅಲಗು ಮೆತ್ತನೆಯದು. ಅದಕ್ಕೆ ಆ ಉಕ್ಕಿನ ಅರವೇ ಸಾಕು, ದುಡ್ಡು ಉಳಿಸಿರಿ. ಊರ ಕುಲುಮೆಯಲ್ಲಿ ಮಾಡಿಸಿದ ಅನೇಕ ಕುಡುಗೋಲು, ಮಚ್ಚುಗಳು ಈ ಜಾತಿಯವು.

ಅರ ಕಚ್ಚದೆ ಗಾಜಿನ ಮೇಲೆ ಎಳೆದಂತೆ ಕಿರ್ರೆಂದು ಜಾರಿದರೆ ಅಲಗು ಗಡಸು. ಅದರ ಮೇಲೆ ಉಕ್ಕಿನ ಅರ ತಿಕ್ಕಿದರೆ ಅರವೇ ಸವೆಯುತ್ತದೆ. ಒಳ್ಳೆಯ ಕಂಪನಿಯ ಮೇವಿನ ಯಂತ್ರದ ಅಲಗುಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ಇವುಗಳಿಗೆ ಎರಡು ದಾರಿ ಉಂಟು: ಒಂದು ಸಾಣೆಕಲ್ಲು, ಇನ್ನೊಂದು ವಜ್ರದ ಅರ. ಅಂಗಡಿಯ ಎರಡು ಬಣ್ಣದ ಕಾರ್ಬೊರಂಡಮ್ ಕಲ್ಲು ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ದೊಡ್ಡ ಅಲಗಿಗೆ ಅದರಿಂದ ಎರಡು ತೊಂದರೆ. ಮೊದಲನೆಯದು, ನಡುವೆ ಸವೆದು ಗುಳಿ ಬೀಳುತ್ತದೆ. ಗುಳಿ ಬಿದ್ದ ಕಲ್ಲಿನಲ್ಲಿ ಅಂಚು ನೇರ ಬರುವುದಿಲ್ಲ. ಎರಡನೆಯದು, ಕಲ್ಲು ನೆಲದ ಮೇಲೆ ಕೂತಿರಬೇಕು, ಅಲಗು ಅದರ ಮೇಲೆ ಓಡಬೇಕು. ಅಡಿಗೆ ಚಾಕುವಿಗೆ ಇದು ಸರಿ. ಉದ್ದವಾದ, ಭಾರವಾದ, ಬಾಗಿದ ಅಲಗನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಒಂದೇ ಕೋನದಲ್ಲಿ ಓಡಿಸುವುದು ಕಷ್ಟ, ಅಪಾಯವೂ ಹೌದು. ದೊಡ್ಡ ಅಲಗನ್ನು ಅಲುಗದಂತೆ ಬಿಗಿದು, ಮಸೆಯುವ ಸಲಕರಣೆಯನ್ನೇ ಅದರ ಹತ್ತಿರ ಒಯ್ಯಬೇಕು. ಹಿಡಿಯುಳ್ಳ ವಜ್ರದ ಅರದ ಉಪಯೋಗ ಇರುವುದು ಇಲ್ಲಿ.

ವಜ್ರದ ಅರ ಎಂದರೇನು?

ಹೆಸರು ಕೇಳಿ ಹೆದರಬೇಡಿರಿ. ಇದು ಒಡವೆ ಅಂಗಡಿಯ ವಜ್ರವಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಪ್ರಯೋಗಶಾಲೆಯಲ್ಲಿ ವಜ್ರ ತಯಾರಿಸಿದ್ದನ್ನು 1955ರಲ್ಲಿ ಪ್ರಕಟಿಸಿದರು. ಅಂದಿನಿಂದ ಕಾರ್ಖಾನೆಯ ವಜ್ರದ ಹರಳು ಕಲ್ಲು ಕೊರೆಯುವುದಕ್ಕೆ, ಗಾಜು ಕೊಯ್ಯುವುದಕ್ಕೆ, ಬೋರ್‌ವೆಲ್ ಕೆಲಸಕ್ಕೆ ಬಳಕೆಗೆ ಬಂದಿದೆ. ಉಕ್ಕಿನ ಪಟ್ಟಿಯೊಂದರ ಮೇಲೆ ಈ ಹರಳನ್ನು ಉದುರಿಸಿ, ನಿಕ್ಕಲ್ ಲೇಪದಿಂದ ಹಿಡಿದು ನಿಲ್ಲಿಸಿದರೆ ವಜ್ರದ ಅರ ಆಯಿತು. ಹಿತ್ತಾಳೆ ನಲ್ಲಿಗೆ ಹೊಳಪಿನ ಲೇಪ ಹಾಕುವಂತೆಯೇ ಇದು. ಹರಳಿನ ಅರ್ಧಕ್ಕಿಂತ ಹೆಚ್ಚು ಭಾಗ ನಿಕ್ಕಲ್ಲಿನಲ್ಲಿ ಹುದುಗಿರುತ್ತದೆ, ತಲೆ ಮಾತ್ರ ಹೊರಗಿರುತ್ತದೆ. ಈ ತಲೆ ಎಷ್ಟೇ ಗಡಸು ಉಕ್ಕನ್ನಾದರೂ ಕೆರೆಯುತ್ತದೆ.

ಇಲ್ಲಿ ಎರಡು ವಿಷಯ ನೆನಪಿಡಬೇಕು. ಹರಳು ಇರುವುದು ಒಂದೇ ಪದರ. ಅದು ಕಿತ್ತುಹೋದರೆ ಅಡಿಯಲ್ಲಿ ಇನ್ನೊಂದು ಇಲ್ಲ, ಆದ್ದರಿಂದ ಒತ್ತಿ ತಿಕ್ಕಬಾರದು. ಇನ್ನೊಂದು, ಉಕ್ಕಿನ ಅರ ಮುಂದೆ ದೂಡುವಾಗ ಮಾತ್ರ ಕತ್ತರಿಸುತ್ತದೆ, ವಜ್ರದ ಅರ ಹೋಗುವಾಗಲೂ ಬರುವಾಗಲೂ ಕತ್ತರಿಸುತ್ತದೆ. ಹೀಗಾಗಿ ನಿಮ್ಮ ಕೈ ಅಂಚಿನ ಕಡೆಗೆ ಹೋಗದಂತೆ, ಅಂಚಿನಿಂದ ಬೆನ್ನಿನ ಕಡೆಗೆ ಮಾತ್ರ ಎಳೆಯುತ್ತ ಮಸೆಯಬಹುದು. ಕೈ ಜಾರಿದರೂ ಅಲಗಿನಿಂದ ದೂರಕ್ಕೇ ಜಾರುತ್ತದೆ. ದೊಡ್ಡ ಅಲಗಿಗೆ ನಾನು ಇದನ್ನು ಶಿಫಾರಸು ಮಾಡಲು ಅದರ ಗಡಸುತನಕ್ಕಿಂತ ಈ ಗುಣವೇ ಹೆಚ್ಚಿನ ಕಾರಣ.

ಎಷ್ಟು ನಂಬರಿನದು?

ಅರದ ಮೇಲೋ ಪೊಟ್ಟಣದ ಮೇಲೋ 200, 400, 1000 ಎಂಬ ಸಂಖ್ಯೆ ಇರುತ್ತದೆ. ಇದು ಜರಡಿಯ ಲೆಕ್ಕ. ಒಂದು ಅಂಗುಲದಲ್ಲಿ ಎಷ್ಟು ಕಣ್ಣು ಇರುವ ಜರಡಿಯಿಂದ ಹರಳನ್ನು ಸೋಸಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಹರಳು ನುಣುಪು. 325 ನಂಬರಿನ ಹರಳು ಸುಮಾರು 45 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 45 ಪಾಲು. 600ರದು ಸುಮಾರು 25 ಮೈಕ್ರಾನ್, 1200ರದು 9 ಮೈಕ್ರಾನ್.

ಮೇವಿನ ಅಲಗಿಗೆ 300ರಿಂದ 400ರ ನಡುವಿನ ಒಂದು ಅರ ಸಾಕು. ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿರಿ. 1000, 1200ರವು ಕ್ಷೌರದ ಕತ್ತಿಗೂ ಬಡಗಿಯ ಉಳಿಗೂ ಚೆನ್ನ. ಜೋಳದ ದಂಟಿಗೆ ಅಂಥ ನುಣುಪು ಬೇಕಿಲ್ಲ, ಮೊದಲ ಹೊರೆಯಲ್ಲೇ ಅದು ಮಾಯವಾಗುತ್ತದೆ. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಒರಟು ಉಳಿದರೆ ನಾರಿನ ದಂಟನ್ನು ಅದು ಜಾರಗೊಡದೆ ಹಿಡಿಯುತ್ತದೆ. ಸಣ್ಣ ಮುಕ್ಕುಗಳು ಆಗಾಗ ಬೀಳುವ ಯಂತ್ರವಾದರೆ 150ರಿಂದ 200ರ ಒರಟು ಅರ ಇನ್ನೊಂದಿರಲಿ. ಅದನ್ನು ಪ್ರತಿ ಮನೆಯವರೂ ಕೊಳ್ಳಬೇಕಾಗಿಲ್ಲ, ನಾಲ್ಕಾರು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಮಚ್ಚು, ಈಳಿಗೆ ಮಣೆಗಳಿಗೂ ಬಳಸುವ ಆಸೆಯಿದ್ದರೆ ಒಂದು ಬದಿ 300, ಇನ್ನೊಂದು ಬದಿ 600 ಇರುವ ಜೋಡಿ ಅರ ಅನುಕೂಲ.

ಬಣ್ಣವನ್ನು ನಂಬಬೇಡಿರಿ. ಹಿಡಿಯ ಬಣ್ಣ ನೀಲಿಯಿದ್ದರೆ ಒರಟು, ಕೆಂಪಿದ್ದರೆ ನುಣುಪು ಎಂದು ಒಂದು ಕಂಪನಿಯವರು ಇಟ್ಟುಕೊಂಡದ್ದು ಇನ್ನೊಂದು ಕಂಪನಿಗೆ ಅನ್ವಯಿಸುವುದಿಲ್ಲ. ಸಂಖ್ಯೆಯನ್ನು ಓದಿ ಕೊಳ್ಳಿರಿ. ಸಂಖ್ಯೆಯೇ ಇಲ್ಲದ್ದನ್ನು ಬಿಟ್ಟುಬಿಡಿರಿ.

ಅಳತೆ, ಆಕಾರ, ಹಿಡಿ

ಸಂತೆಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತು ಸಣ್ಣ ಅರಗಳ ಕಟ್ಟು ತೀರ ಅಗ್ಗವಾಗಿ ಸಿಗುತ್ತದೆ. ಪೆನ್ಸಿಲ್ಲಿಗಿಂತ ತೆಳುವಾದ ಇವು ಅಕ್ಕಸಾಲಿಗರಿಗೆ, ಅಚ್ಚು ಕೊರೆಯುವವರಿಗೆ ಇರುವ ಸಲಕರಣೆ. ಹತ್ತು ಸಿಗುತ್ತದೆಂಬ ಆಸೆಗೆ ಇದನ್ನು ಕೊಂಡವರು ಮೇವಿನ ಅಲಗಿನ ಅಂಚಿನಲ್ಲಿ ಅಲೆ ಅಲೆಯಾಗಿ ಗುಳಿ ತೋಡುವುದೇ ಹೆಚ್ಚು. ದೊಡ್ಡ ಅಲಗಿಗೆ ಅಗಲವಾದ ಮೈ ಬೇಕು. ಕೆಲಸದ ಭಾಗ ಕನಿಷ್ಠ 10 ಸೆಂಟಿಮೀಟರ್ ಉದ್ದ, 2.5 ಸೆಂಟಿಮೀಟರ್ ಅಗಲ ಇರಲಿ. 15 ಸೆಂಟಿಮೀಟರ್ ಉದ್ದ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕಿಂತ ದೊಡ್ಡದು ಕೈಯಲ್ಲಿ ವಾಲುತ್ತದೆ.

ಹಿಡಿ ಇಲ್ಲದ ಬರಿ ಪಟ್ಟಿಯನ್ನು ಕೊಂಡರೆ, ಬಡಗಿಯಿಂದ ಒಂದು ಮರದ ತುಂಡು ಕೆತ್ತಿಸಿ ಅಂಟು ಹಾಕಿ ಕೂರಿಸಿಕೊಳ್ಳಿರಿ. ಬೆರಳುಗಳು ಪಟ್ಟಿಯ ಅಂಚಿನಿಂದ ಕೆಳಕ್ಕೆ ಇಳಿಯದಂತೆ ಮರದ ತುಂಡು ದಪ್ಪವಾಗಿರಬೇಕು. ಹಿಡಿಯ ಬಗ್ಗೆ ಕಂಜೂಸುತನ ಮಾಡಬೇಡಿರಿ. ಮಡಚಿ ಜೇಬಿನಲ್ಲಿಡುವ ಎರಡು ರೆಕ್ಕೆಯ ಹಿಡಿಯ ಅರಗಳೂ ಬರುತ್ತವೆ. ಹೊಲದಲ್ಲಿ ಕುಡುಗೋಲು ಮಸೆಯುವವರಿಗೆ ಇವು ಚೆನ್ನ. ಕೊಳ್ಳುವಾಗ ಬಿಚ್ಚಿ ಹಿಡಿದು ಅಲ್ಲಾಡಿಸಿ ನೋಡಿರಿ, ಕೀಲು ಸಡಿಲವಿದ್ದರೆ ಬೇಡ.

ಇನ್ನು ಆಕಾರ. ಅಲಗಿನ ಅಂಚು ನೇರವಾಗಿದ್ದರೆ ಅಥವಾ ಹೊರಕ್ಕೆ ಉಬ್ಬಿದ್ದರೆ ಚಪ್ಪಟೆ ಅರ ಸಾಕು. ಒಳಕ್ಕೆ ಬಾಗಿದ್ದರೆ ಚಪ್ಪಟೆ ಅರದ ಎರಡು ಮೂಲೆಗಳೇ ತಗುಲುತ್ತವೆ, ನಡುಭಾಗ ಮುಟ್ಟುವುದಿಲ್ಲ. ಅಂಥದಕ್ಕೆ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಅರೆಗುಂಡಾಗಿರುವ ಅರ ಬೇಕು. ಕುಡುಗೋಲಿಗೂ ಇದೇ. ಕಕ್ಕು ಇರುವ ಕುಡುಗೋಲನ್ನು ಮಾತ್ರ ಯಾವ ಚಪ್ಪಟೆ ಅರದಿಂದಲೂ ಮುಟ್ಟಬೇಡಿರಿ. ಹಲ್ಲುಗಳು ಅಳಿಸಿಹೋಗುತ್ತವೆ, ಮತ್ತೆ ಕಕ್ಕು ಹಾಕಿಸಲು ಕುಲುಮೆಗೇ ಹೋಗಬೇಕಾಗುತ್ತದೆ.

ಮೈಯಲ್ಲೂ ಎರಡು ಬಗೆ. ಕೆಲವದರಲ್ಲಿ ಹರಳು ಇಡೀ ಮೈಗೆ ಒಂದೇ ಸಮ ಹರಡಿರುತ್ತದೆ. ಕೆಲವದರಲ್ಲಿ ನಡುನಡುವೆ ಗುಂಡನೆಯ ಬೋಳು ಚುಕ್ಕೆಗಳಿರುತ್ತವೆ. ಇದು ದೋಷವಲ್ಲ, ತೇಯ್ದ ಉಕ್ಕಿನ ಪುಡಿ ಆ ಚುಕ್ಕೆಗಳಲ್ಲಿ ಸೇರಿಕೊಂಡು ಕೆಲಸ ಬೇಗ ಸಾಗುತ್ತದೆ. ಉದ್ದನೆಯ ಮೇವಿನ ಅಲಗಿಗೆ ಇದು ಒಳ್ಳೆಯದು. ಚೂಪು ಮೊನೆಯ ಚಾಕುಗಳಿಗೆ ಮಾತ್ರ ಮೊನೆ ಚುಕ್ಕೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಒಂದೇ ಸಮನಾದ ಮೈ ಬೇಕು.

ಬೆಲೆ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೂ ಇದೆ. ತೀರ ಅಗ್ಗದ್ದರಲ್ಲಿ ಹರಳಿನ ಹಿಡಿತ ಸಡಿಲವಾಗಿರುವುದುಂಟು. ಕೊಳ್ಳುವಾಗ ಒಂದು ಉಕ್ಕಿನ ಅಡಿಪಟ್ಟಿಯನ್ನು ಅರದ ಮೈಮೇಲೆ ಅಂಚಿನಿಂದ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಅಡಿಯಲ್ಲಿ ಬೆಳಕು ತೂರಿದರೆ ಅರ ಸೊಟ್ಟಗಿದೆ. ಮನೆಗೆ ತಂದ ಮೇಲೆ ಹಳೆಯ ಹ್ಯಾಕ್‌ಸಾ ಬ್ಲೇಡಿನ ಬೆನ್ನ ಮೇಲೆ ಹಗುರವಾಗಿ ಇಪ್ಪತ್ತು ಸಲ ಎಳೆದು ನೋಡಿರಿ. ಅಷ್ಟಕ್ಕೇ ಹರಳು ಉದುರಿ ಬೆಳ್ಳನೆಯ ಬೋಳು ಗೆರೆ ಕಂಡರೆ ಹಿಂದಕ್ಕೆ ಕೊಡಿರಿ. ಬಿಲ್ಲು ಇಟ್ಟುಕೊಂಡಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಹೊಸ ಅರ ಮೊದಲ ಕೆಲವು ಸಲ ತೀರ ಒರಟಾಗಿ ಕಚ್ಚುತ್ತದೆ, ಆಮೇಲೆ ಮೃದುವಾಗುತ್ತದೆ. ಇದು ಎದ್ದುನಿಂತ ಹರಳುಗಳು ಹೊಂದಿಕೊಳ್ಳುವುದೇ ಹೊರತು ಅರ ಕೆಟ್ಟದ್ದಲ್ಲ.

ಮಸೆಯುವ ಕ್ರಮ

ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಿರಿ. ಸ್ವಿಚ್ ಆರಿಸಿದ್ದೇನೆ ಎಂಬುದು ಸಾಲದು; ಮನೆಯ ಹುಡುಗ ಲೈಟಿನ ಸ್ವಿಚ್ಚೆಂದು ಅದನ್ನೇ ಹಾಕಬಹುದು. ಬೆಲ್ಟನ್ನು ಕಳಚಿರಿ. ಚಕ್ರದ ಕಡ್ಡಿಗಳ ನಡುವೆ ಒಂದು ಮರದ ಗೂಟ ತೂರಿಸಿ ಅದು ತಿರುಗದಂತೆ ಮಾಡಿರಿ. ಅಲಗು ಬಲು ಭಾರದ ಚಕ್ರಕ್ಕೆ ಜೋಡಿಸಿರುತ್ತದೆ, ಕೈ ತಗುಲಿದರೆ ಸಾಕು, ತನ್ನ ಭಾರಕ್ಕೆ ತಾನೇ ತಿರುಗುತ್ತದೆ.

ಹಗುರ ಮಸೆತವನ್ನು ಅಲಗು ಚಕ್ರದಲ್ಲಿರುವಾಗಲೇ ಮಾಡಬಹುದು ಎನ್ನುವವರಿದ್ದಾರೆ. ಬಿಚ್ಚಿ ಮಾಡುವುದೇ ಮೇಲು ಎಂದು ನನ್ನ ಅಭಿಪ್ರಾಯ. ಬೋಲ್ಟು ಬಿಚ್ಚುವಾಗ ಅಲಗಿನ ಅಂಚಿಗೆ ದಪ್ಪ ಗೋಣಿತಟ್ಟು ಸುತ್ತಿರಿ. ಸ್ಪ್ಯಾನರ್ ಜಾರಿದಾಗ ಕೈ ಹೋಗುವುದು ನೇರ ಅಂಚಿಗೇ. ಯಾವ ಅಲಗು ಯಾವ ಜಾಗದ್ದು ಎಂದು ಸೀಮೆಸುಣ್ಣದಿಂದ ಗುರುತು ಹಾಕಿ, ಅಡಿಯಲ್ಲಿ ತಗಡಿನ ಚೂರು, ವಾಷರ್ ಇದ್ದರೆ ಅದನ್ನೂ ಅದೇ ಅಲಗಿನ ಜೊತೆ ಇಡಿರಿ. ಅಲಗನ್ನು ತೊಳೆದು ಒರಸಿರಿ. ಮಣ್ಣು, ಮೇವಿನ ಅಂಟು ಇರುವ ಅಲಗನ್ನು ಮಸೆದರೆ ಅರ ಕಟ್ಟಿಕೊಳ್ಳುತ್ತದೆ.

ಅಲಗಿನ ಎರಡು ಮೈಯನ್ನು ಗಮನಿಸಿರಿ. ಒಂದು ಇಳಿಜಾರು, ಒಂದು ಚಪ್ಪಟೆ. ಚಪ್ಪಟೆ ಮೈ ಯಂತ್ರದ ಬಾಯಿಯಲ್ಲಿರುವ ಎದುರು ಪಟ್ಟಿಯನ್ನು ಸವರಿಕೊಂಡು ಹೋಗುತ್ತದೆ. ಕತ್ತರಿಯ ಎರಡು ಅಲಗು ಇದ್ದಂತೆ. ಮಸೆಯಬೇಕಾದ್ದು ಇಳಿಜಾರು ಮೈ ಮಾತ್ರ. ಚಪ್ಪಟೆ ಮೈಗೂ ಇಳಿಜಾರು ಕೊಟ್ಟುಬಿಟ್ಟರೆ ಅಂಚಿಗೂ ಎದುರು ಪಟ್ಟಿಗೂ ನಡುವೆ ಸಂದು ಉಂಟಾಗಿ, ಅಲಗು ಎಷ್ಟು ಹರಿತವಿದ್ದರೂ ಮೇವು ಆ ಸಂದಿನಲ್ಲಿ ಮಡಚಿಕೊಳ್ಳುತ್ತದೆ. ಮಸೆದ ಮೇಲೆ ಮೊದಲಿಗಿಂತ ಕೆಟ್ಟಿತು ಎಂಬ ದೂರು ಬರುವುದು ಬಹುಮಟ್ಟಿಗೆ ಈ ಕಾರಣದಿಂದಲೇ.

ಅಲಗನ್ನು ವೈಸಿನಲ್ಲಿ ಬಿಗಿಯಿರಿ. ವೈಸ್ ಇಲ್ಲದಿದ್ದರೆ ದಪ್ಪ ಹಲಗೆಯೊಂದಕ್ಕೆ ಅಲಗಿನ ಬೋಲ್ಟಿನ ತೂತುಗಳ ಅಳತೆಗೆ ತೂತು ಕೊರೆದು ಅದೇ ಬೋಲ್ಟಿನಿಂದ ಕೂರಿಸಿಕೊಳ್ಳಿರಿ. ಒಮ್ಮೆ ಮಾಡಿಟ್ಟರೆ ಬಹುಕಾಲಕ್ಕೆ ಬರುತ್ತದೆ. ಇಳಿಜಾರು ಮೈ ಮೇಲಕ್ಕೆ ಇರಲಿ, ಅಂಚು ನಿಮ್ಮ ಹೊಟ್ಟೆಯ ಕಡೆಗೆ ಇರದಿರಲಿ. ಈಗ ಒಂದು ಮಾರ್ಕರ್ ಪೆನ್ನಿನಿಂದ ಇಳಿಜಾರು ಮೈಗೆಲ್ಲ ಬಣ್ಣ ಬಳಿಯಿರಿ. ಅರವನ್ನು ಇಳಿಜಾರಿಗೆ ಸರಿಯಾಗಿ ಒರಗಿಸಿ ಎರಡು ಸಲ ಎಳೆದು ನೋಡಿರಿ. ಬಣ್ಣ ಬೆನ್ನಿನ ಕಡೆ ಮಾತ್ರ ಹೋಗಿದ್ದರೆ ಅರವನ್ನು ಸ್ವಲ್ಪ ಎತ್ತಬೇಕು. ಅಂಚಿನ ಕಡೆ ಮಾತ್ರ ಹೋಗಿದ್ದರೆ ಸ್ವಲ್ಪ ತಗ್ಗಿಸಬೇಕು. ಪೂರ್ತಿ ಹೋದರೆ ಕೋನ ಸರಿಯಾಗಿದೆ. ಎಷ್ಟು ಡಿಗ್ರಿ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಕಾರ್ಖಾನೆಯವರು ಕೊಟ್ಟ ಇಳಿಜಾರನ್ನೇ ಕಾಪಾಡಿಕೊಂಡರೆ ಸಾಕು.

ಅರದ ಮೈಗೆ ನೀರು ಚಿಮುಕಿಸಿರಿ. ಎಣ್ಣೆ ಬೇಡ, ಅದು ಪುಡಿಯನ್ನು ಹಿಡಿದಿಟ್ಟುಕೊಂಡು ಅರವನ್ನು ಜಿಡ್ಡುಗಟ್ಟಿಸುತ್ತದೆ. ಹಿಡಿಯ ಭಾರಕ್ಕಿಂತ ಸ್ವಲ್ಪವೇ ಹೆಚ್ಚಿನ ಒತ್ತಡದಲ್ಲಿ, ಅಂಚಿನಿಂದ ಬೆನ್ನಿನ ಕಡೆಗೆ, ಜೊತೆಗೆ ಅಲಗಿನ ಉದ್ದಕ್ಕೂ ಸ್ವಲ್ಪ ಸರಿಸುತ್ತ ಓರೆಯಾಗಿ ಎಳೆಯಿರಿ. ಒಂದೇ ಕಡೆ ತೇಯಬೇಡಿರಿ. ಎಡತುದಿಯಿಂದ ಬಲತುದಿಗೆ ಹೋದರೆ ಒಂದು ಸುತ್ತು. ಎಷ್ಟು ಸುತ್ತು ಎಂದು ಎಣಿಸಿರಿ. ಇದಕ್ಕೆ ಕಾರಣವಿದೆ. ಚಕ್ರದಲ್ಲಿ ಎರಡು ಅಥವಾ ಮೂರು ಅಲಗುಗಳಿವೆ. ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ತೇಯುತ್ತ ಹೋದರೆ ಕಾಲಕ್ರಮದಲ್ಲಿ ಚಕ್ರದ ತೂಕ ಏರುಪೇರಾಗಿ ಯಂತ್ರ ಅದುರತೊಡಗುತ್ತದೆ, ಬೇರಿಂಗು ಕೆಡುತ್ತದೆ. ಒಂದಕ್ಕೆ ಹದಿನೈದು ಸುತ್ತಾದರೆ ಎಲ್ಲಕ್ಕೂ ಹದಿನೈದು.

ಸಾಕಾಯಿತೆಂದು ತಿಳಿಯುವುದು ಹೇಗೆ? ಚಪ್ಪಟೆ ಮೈಯ ಮೇಲೆ ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲನೆ ತಂದು ಆಚೆಗೆ ಬಿಡಿರಿ. ಅಂಚಿನ ಉದ್ದಕ್ಕೂ ಬೆರಳಿಗೆ ಸಣ್ಣದಾಗಿ ಏನೋ ಗೀರಿದಂತಾಗುತ್ತದೆ. ಇಳಿಜಾರು ಮೈಯ ಉಕ್ಕು ಅಂಚು ದಾಟಿ ಈಚೆಗೆ ಮಡಚಿದೆ, ಅಂದರೆ ಮಸೆತ ಅಂಚನ್ನು ತಲುಪಿದೆ. ಬೆರಳನ್ನು ಅಂಚಿನ ಉದ್ದಕ್ಕೆ ಮಾತ್ರ ಎಂದೂ ಎಳೆಯಬೇಡಿರಿ. ಎಲ್ಲಿ ಗೀರುವುದಿಲ್ಲವೋ ಅಲ್ಲಿ ಇನ್ನೂ ನಾಲ್ಕು ಸಲ ಎಳೆಯಿರಿ. ಆಮೇಲೆ ಅಲಗನ್ನು ಮಗುಚಿ, ಅರವನ್ನು ಚಪ್ಪಟೆ ಮೈಗೆ ಪೂರ್ತಿ ಅಂಟುವಂತೆ ಮಲಗಿಸಿ, ಒಂದೆರಡು ಸಲ ಹಗುರವಾಗಿ ಸವರಿದರೆ ಆ ಮಡಿಕೆ ಹೋಗುತ್ತದೆ. ಇಲ್ಲಿ ಅರ ಕೂದಲೆಳೆಯಷ್ಟೂ ಮೇಲೇಳಬಾರದು.

ಎದುರು ಪಟ್ಟಿಯನ್ನೂ ಮರೆಯಬಾರದು. ಅದರ ಅಂಚು ಚೂಪಾಗಿರಬೇಕಿಲ್ಲ, ಇಟ್ಟಿಗೆಯ ಮೂಲೆಯಂತೆ ಸರಿಯಾದ ಮಟ್ಟಕೋನವಾಗಿರಬೇಕು. ಗುಂಡಗಾಗಿದ್ದರೆ ಬಿಚ್ಚಿ ಚಪ್ಪಟೆಯಾಗಿ ತೇಯ್ದು ಮೂಲೆ ಎಬ್ಬಿಸಿರಿ. ಕೆಲವು ಯಂತ್ರಗಳಲ್ಲಿ ಇದನ್ನು ತಿರುಗಿಸಿ ಹಾಕಿದರೆ ಹೊಸ ಅಂಚು ಸಿಗುತ್ತದೆ.

ಮುಕ್ಕಾದ ಅಲಗು, ಕಾಣೆಯಾದ ಚೂರು

ಅಲಗಿನಲ್ಲಿ ಹೊಸದಾಗಿ ಮುಕ್ಕು ಕಂಡರೆ ಅರ ಹುಡುಕುವ ಮೊದಲು ಆ ಚೂರನ್ನು ಹುಡುಕಿರಿ. ಅದು ಕತ್ತರಿಸಿದ ಮೇವಿನ ರಾಶಿಯಲ್ಲಿರುವ ಸಂಭವ ಹೆಚ್ಚು. ಹಸು ಮೇವನ್ನು ನಮ್ಮಂತೆ ಆರಿಸಿ ಅಗಿದು ನುಂಗುವುದಿಲ್ಲ. ಉಕ್ಕಿನ ಚೂರು, ತಂತಿಯ ತುಂಡು ಹಾಗೆಯೇ ಒಳಗೆ ಹೋಗಿ, ಭಾರಕ್ಕೆ ಜಾಲರಿಯಂಥ ಎರಡನೆಯ ಹೊಟ್ಟೆಯಲ್ಲಿ ಕೂರುತ್ತದೆ. ಆ ಹೊಟ್ಟೆಯ ಮುಂದೆ ವಪೆ, ಅದರಾಚೆ ಹೃದಯ. ಚೂಪಾದ ಚೂರು ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಲ್ಲದು. ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟು, ಹಾಲು ಇಳಿದು, ಬೆನ್ನು ಬಾಗಿಸಿ ನಿಂತು, ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿದರೆ, ಇಳಿಜಾರಿನಲ್ಲಿ ಇಳಿಯಲು ಹಿಂಜರಿದರೆ ಕೂಡಲೇ ಪಶುವೈದ್ಯರನ್ನು ಕರೆಸಿರಿ. ಎದೆಯ ತೊಗಲಿನಲ್ಲಿ ಬಾವು ಕಾಣುವವರೆಗೂ ಕಾದರೆ ಬಹಳ ತಡವಾಗಿರುತ್ತದೆ.

ಚೂರು ಕೈಗೆ ಸಿಗದಿದ್ದರೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಮೇವಿನ ರಾಶಿಯಲ್ಲಿ ಆಡಿಸಿ ನೋಡಿರಿ. ಆಗಲೂ ಸಿಗದಿದ್ದರೆ ಆ ರಾಶಿಯನ್ನು ರಾಸುಗಳಿಗೆ ಹಾಕದಿರುವುದೇ ಕ್ಷೇಮ. ಒಂದು ಹೊತ್ತಿನ ಮೇವು ಹೋದರೆ ಹೋಗಲಿ. ಮಸೆಯುವ ಕೆಲಸವನ್ನು ಮೇವಿನ ರಾಶಿಯಿಂದ ದೂರ, ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಮಾಡಿರಿ. ತೇಯ್ದ ಪುಡಿ ನುಣ್ಣಗಿದ್ದರೂ ಅದನ್ನು ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು.

ಮುಕ್ಕು ಅಕ್ಕಿಕಾಳಿನ ಅರ್ಧದಷ್ಟಿದ್ದರೆ ಅದನ್ನು ಒಂದೇ ಸಲಕ್ಕೆ ತೆಗೆಯಲು ಹೋಗಬೇಡಿರಿ. ನಾಲ್ಕಾರು ಮಸೆತಗಳಲ್ಲಿ ಅದು ತಾನೇ ಸವೆದು ಹೋಗುತ್ತದೆ. ಅದಕ್ಕಿಂತ ದೊಡ್ಡದಾದರೆ ಮೊದಲು ಹೇಳಿದಂತೆ ನೀರಿನ ಬಕೆಟ್ಟಿನೊಂದಿಗೆ ಗ್ರೈಂಡರ್. ಬೋಲ್ಟಿನ ತೂತಿನ ಬಳಿ ಬಿರುಕು ಕಂಡ ಅಲಗನ್ನು ಮಾತ್ರ ಮಸೆಯಲೂ ಬಾರದು, ವೆಲ್ಡ್ ಮಾಡಿಸಲೂ ಬಾರದು. ಹೊಸದನ್ನೇ ಹಾಕಿಸಿರಿ.

ಮತ್ತೆ ಜೋಡಿಸುವಾಗ

ಅಲಗನ್ನು ಅದರದೇ ಜಾಗದಲ್ಲಿ ಕೂರಿಸಿ, ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗೂಟ ತೆಗೆದು ಚಕ್ರವನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿರಿ. ಅಲಗು ಎದುರು ಪಟ್ಟಿಗೆ ಎಲ್ಲೂ ಬಡಿಯಬಾರದು, ಹಾಗೆಂದು ದೂರವೂ ನಿಲ್ಲಬಾರದು. ಒಂದು ಉದ್ದನೆಯ ಒಣ ದಂಟಿನ ತುದಿಗೆ ಹಳೆಯ ದಿನಪತ್ರಿಕೆಯ ಹಾಳೆ ಕಟ್ಟಿ ಬಾಯಿಗೆ ಒಡ್ಡಿರಿ. ಇನ್ನೊಬ್ಬರು ಚಕ್ರವನ್ನು ಕೈಯಿಂದ ತಿರುಗಿಸಲಿ. ಹಾಳೆ ಆ ಕೊನೆಯಿಂದ ಈ ಕೊನೆಯವರೆಗೆ ನೇರವಾಗಿ ಕತ್ತರಿಸಿದರೆ ಸರಿ. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಮಡಚಿಕೊಂಡರೆ ಆ ಕಡೆಯ ಸಂದು ಹೆಚ್ಚಾಗಿದೆ. ತಗಡಿನ ಚೂರು ಅಥವಾ ಸರಿಪಡಿಸುವ ತಿರುಪಿನಿಂದ ಹೊಂದಿಸಿರಿ. ಮರೆಯನ್ನು ಮರಳಿ ಹಾಕಿದ ಮೇಲೆಯೇ ಬೆಲ್ಟು, ಅದಾದ ಮೇಲೆಯೇ ಪ್ಲಗ್ಗು. ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೆ ಪ್ಲಗ್ಗು ಕಿತ್ತು ಬೋಲ್ಟುಗಳನ್ನು ಒಮ್ಮೆ ಪರೀಕ್ಷಿಸಿರಿ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ನಾಲ್ಕು ರಾಸುಗಳಿಗೆ ಹಸಿರು ಮೇವು ಕತ್ತರಿಸುವವರಿಗೂ ಹತ್ತು ರಾಸುಗಳಿಗೆ ಬತ್ತದ ಹುಲ್ಲು ಕತ್ತರಿಸುವವರಿಗೂ ಲೆಕ್ಕ ಬೇರೆ. ಗೋದಲಿಯಲ್ಲಿ ಉಳಿದ ತುಂಡಿನ ತುದಿಯನ್ನು ವಾರಕ್ಕೊಮ್ಮೆ ನೋಡುತ್ತಿದ್ದರೆ ಅದೇ ಹೇಳುತ್ತದೆ. ನಾರು ಜೋತಾಡಲು ಶುರುವಾದ ದಿನವೇ ಮಸೆದರೆ ಹತ್ತು ಹದಿನೈದು ಸುತ್ತಿನಲ್ಲಿ ಮುಗಿಯುವ ಕೆಲಸ, ಎರಡು ತಿಂಗಳು ಬಿಟ್ಟು ಮಸೆದರೆ ಅರ್ಧ ದಿನ ಹಿಡಿಯುತ್ತದೆ.

ಕೆಲಸವಾದ ಮೇಲೆ ಅರವನ್ನು ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿಡಿರಿ. ಅಲ್ಯೂಮಿನಿಯಂ, ಸೀಸ, ಮೆತ್ತನೆಯ ಕಬ್ಬಿಣಕ್ಕೆ ಅದನ್ನು ತಿಕ್ಕಬೇಡಿರಿ. ಹರಳಿನ ಸಂದಿಯಲ್ಲಿ ಅವು ಮೆತ್ತಿಕೊಂಡರೆ ಬಿಡಿಸುವುದು ಕಷ್ಟ. ಓಡುವ ಗ್ರೈಂಡರಿಗೆ ವಜ್ರದ ಚಕ್ರ ಹಾಕಿ ಉಕ್ಕು ತೇಯುವ ಪ್ರಯತ್ನವೂ ಬೇಡ. ಬಿಸಿಯಾದ ಕಬ್ಬಿಣ ವಜ್ರದ ಇಂಗಾಲವನ್ನು ಹೀರಿಕೊಂಡು ಹರಳನ್ನು ತಿಂದುಹಾಕುತ್ತದೆ. ಕೈಯ ಮಸೆತದಲ್ಲಿ ಆ ಶಾಖ ಬರುವುದಿಲ್ಲವಾದ್ದರಿಂದ ಚಿಂತೆಯಿಲ್ಲ. ಅಲಗಿಗೆ, ದಿನದ ಕೆಲಸ ಮುಗಿದ ಮೇಲೆ ಹಸಿ ಮೇವಿನ ರಸವನ್ನು ಒರಸಿ, ತೆಳ್ಳಗೆ ಅಡಿಗೆ ಎಣ್ಣೆ ಸವರಿರಿ. ಗಾಡಿಯ ಹಳೆಯ ಆಯಿಲ್ ಸವರುವ ರೂಢಿ ಕೆಲವರಲ್ಲಿದೆ, ಅದು ಮಾರನೆಯ ದಿನದ ಮೇವಿಗೆ ಸೇರುವುದರಿಂದ ಕೂಡದು. ವರ್ಷಗಳು ಕಳೆದು ಅರ ಮೇವಿನ ಅಲಗಿಗೆ ಕಚ್ಚದಂತಾದರೂ ಎಸೆಯಬೇಡಿರಿ. ಅಷ್ಟು ಹೊತ್ತಿಗೆ ಅದು ಈಳಿಗೆ ಮಣೆಗೂ ಅಡಿಗೆ ಮನೆಯ ಚಾಕುವಿಗೂ ಹೇಳಿಮಾಡಿಸಿದ ನುಣುಪಿಗೆ ಬಂದಿರುತ್ತದೆ.